ಹುಡುಕಿದರೂ ಸಿಗದವರು

ಔಷಧಿ ಕಂಪನಿಯವರಿಗೆ ಒಂದು ಮಾತನ್ನು ಪೂರ್ತಿ ಹೇಳುವ ಪುರುಸೊತ್ತಿಲ್ಲ. ಎಲ್ಲದಕ್ಕೂ ಮೂರಕ್ಷರ, ನಾಲ್ಕಕ್ಷರ. ರೋಗಿ ಸಹಿ ಹಾಕುವ ಒಪ್ಪಿಗೆ ಪತ್ರಕ್ಕೆ ಐಸಿಎಫ್ ಅನ್ನುತ್ತಾರೆ. ಮಾತ್ರೆ ತಿಂದು ಆಗಬಾರದ್ದು ಏನಾದರೂ ಆದರೆ ಎಇ, ಆದದ್ದು ಜೀವಕ್ಕೇ ಬಂದರೆ ಎಸ್‌ಎಇ. ಹತ್ತಿರದವರು ಸತ್ತರೂ ಈ ಜನ ಎರಡಕ್ಷರದಲ್ಲಿ ಅತ್ತು ಮುಗಿಸುತ್ತಾರೇನೋ ಅಂತ ನಾನು ಎಷ್ಟೋ ಸಲ ಗೊಣಗಿದ್ದೇನೆ. ಆದರೆ ಅವರು ಕೊಡುವ ಕೆಲಸದಲ್ಲೇ ನನ್ನ ಅನ್ನ ಇರುವುದರಿಂದ ಗೊಣಗಾಟವೆಲ್ಲ ಹೊನ್ನಾವರದ ಈ ಮಹಡಿ ಕೋಣೆಯೊಳಗೇ ನಡೆಯುತ್ತದೆ.

ನನ್ನ ಕೆಲಸ ಇಷ್ಟು. ಹೊಸ ಔಷಧಿಯನ್ನು ಜನರಿಗೆ ಕೊಟ್ಟು ಪರೀಕ್ಷಿಸುವಾಗ ಅವರ ಕೈಗೆ ಕೆಲವು ಕಾಗದ ಕೊಡಬೇಕಾಗುತ್ತದೆ. ಅವನ್ನು ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತೇನೆ. ಆಮೇಲೆ ಇನ್ನೊಬ್ಬರು, ಮೂಲವನ್ನು ಕಣ್ಣಿಂದಲೂ ನೋಡದೆ, ನನ್ನ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡೂ ಇಂಗ್ಲಿಷನ್ನು ಪಕ್ಕಪಕ್ಕ ಇಟ್ಟರೆ ನಾನು ಎಲ್ಲಿ ಎಡವಿದ್ದೇನೆ ಅಂತ ತಿಳಿಯುತ್ತದೆ. ಪುಣೆಯ ಕಚೇರಿಯ ಲೆಕ್ಕದಲ್ಲಿ ನಾನು ಎಫ್‌ಟಿ-ಒನ್. ತಿರುಗಿಸುವವರು ಬಿಟಿ. ಇಬ್ಬರೂ ಒಬ್ಬರನ್ನೊಬ್ಬರು ತಿಳಿದಿರಬಾರದು ಎಂಬುದು ಕಟ್ಟುನಿಟ್ಟಿನ ನಿಯಮ. ಗುರುತಾದರೆ ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚಿಹಾಕುತ್ತಾರೆ ಅಂತ ಅನುಮಾನ.

ವರ್ಷಗಟ್ಟಲೆ ನನ್ನ ಕನ್ನಡವನ್ನು ತಿರುಗಿಸಿದವರು ಬಿಟಿ-ಟು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ. ಗೊತ್ತಿದ್ದದ್ದು ಅವರು ಪಕ್ಕದ ಅಂಕಣದಲ್ಲಿ ಬರೆಯುತ್ತಿದ್ದ ಟಿಪ್ಪಣಿಗಳು ಮಾತ್ರ. ನನ್ನ ವಾಕ್ಯ ಸರಿ ಇದ್ದರೆ 'ಒಪ್ಪಿದೆ' ಅಂತ ಒಂದೇ ಮಾತು. ಸರಿ ಇಲ್ಲದಿದ್ದರೆ ಬಿಡುತ್ತಿರಲಿಲ್ಲ. 'ಇದನ್ನು ಓದಿದವರಿಗೆ ಮಾತ್ರೆ ನುಂಗಬೇಕೋ, ಮಾತ್ರೆಯನ್ನು ಗೌರವಿಸಬೇಕೋ ತಿಳಿಯುವುದಿಲ್ಲ' ಅಂತ ಒಮ್ಮೆ ಬರೆದಿದ್ದರು. ನಾನು ಸಿಟ್ಟಿನಿಂದ ಆ ವಾಕ್ಯವನ್ನು ಮತ್ತೆ ಓದಿದೆ. ನಿಜಕ್ಕೂ ಹಾಗೇ ಇತ್ತು. ಒಬ್ಬಳೇ ಕೂತು ನಕ್ಕೆ.

ನಾನು ಬರೆದದ್ದನ್ನು ಮನೆಯಲ್ಲಿ ಯಾರೂ ಓದುವುದಿಲ್ಲ. ಕೆಳಗಡೆ ಅಣ್ಣನ ಸಂಸಾರ ಇದೆ, ಅತ್ತಿಗೆ ಮಹಾಲಕ್ಷ್ಮೀ ಪ್ರೀತಿಯಿಂದ ಊಟಕ್ಕೆ ಕರೆಯುತ್ತಾಳೆ, ಆದರೆ ಐಸಿಎಫ್ ಓದು ಅಂದರೆ ಓಡಿಹೋಗುತ್ತಾಳೆ. ರೋಗಿಗಳಾದರೂ ಓದುತ್ತಾರೆಯೇ? ಕೊನೆಯ ಪುಟ ತಿರುಗಿಸಿ ಹೆಬ್ಬೆಟ್ಟು ಒತ್ತುತ್ತಾರೆ. ನನ್ನ ಪ್ರತಿ ಅಲ್ಪವಿರಾಮವನ್ನೂ ಓದಿದ ಜೀವ ಈ ಭೂಮಿಯ ಮೇಲೆ ಅದೊಂದೇ. ಮದುವೆ ಬೇಡ ಅಂತ ಹಟ ಮಾಡಿ ನಲವತ್ತು ದಾಟಿದ ಹೆಂಗಸು ನಾನು. ಹಾಗಿದ್ದೂ ಮೇಲ್ ತೆರೆಯುವಾಗ ಎದೆ ಹೊಡೆದುಕೊಳ್ಳುತ್ತಿತ್ತು.

"ಎಂತದೇ, ನಿನ್ನ ಬಿಟಿ-ಟು ಬಂದ್ನ?" ಅಂತ ಅತ್ತಿಗೆ ಕಾಫಿ ತರುವಾಗ ಕೇಳುತ್ತಿದ್ದಳು.

"ಅವನೋ ಅವಳೋ, ಗೊತ್ತಿಲ್ಲೆ."

"ಗೊತ್ತಿಲ್ದೇ ಇಷ್ಟು ನಗೆ ಬಂದ್ರೆ, ಗೊತ್ತಾದ್ರೆ ಎಂತ ಗತಿ!"

ಅವರು ನಮ್ಮ ಕರಾವಳಿಯವರೇ ಅಂತ ನನಗೆ ತಿಳಿದದ್ದು ಒಂದು ಪ್ರಶ್ನಾವಳಿಯಿಂದ. ಅಮೆರಿಕದವರು ಬರೆದದ್ದು. 'ನೀವು ಹತ್ತು ಬ್ಲಾಕ್ ನಡೆಯಬಲ್ಲಿರಾ?' ಅಂತ ರೋಗಿಗೆ ಕೇಳಬೇಕು. ಅವರ ಬ್ಲಾಕ್ ಅಂದರೆ ಒಂದು ಬೀದಿ ತಿರುವಿನಿಂದ ಇನ್ನೊಂದಕ್ಕಿರುವ ದೂರ, ನಮ್ಮ ಕಡೆ ಬ್ಲಾಕ್ ಅಂದರೆ ಹೃದಯದ ನಾಳದ್ದು. ತಲೆಕೆಟ್ಟು, ನಮ್ಮೂರ ಸೇತುವೆಯನ್ನೇ ನೆನೆದು, 'ಶರಾವತಿ ಸೇತುವೆಯನ್ನು ಈ ತುದಿಯಿಂದ ಆ ತುದಿಗೆ ನಡೆದು ದಾಟಬಲ್ಲಿರಾ?' ಅಂತ ಬರೆದು ಕಳಿಸಿಬಿಟ್ಟೆ. ಬಿಟಿ-ಟು ಅದನ್ನು ಇದ್ದ ಹಾಗೇ ಇಂಗ್ಲಿಷಿಗೆ ತಿರುಗಿಸಿ, ಪಕ್ಕದಲ್ಲಿ ಬರೆದಿದ್ದರು: 'ಎಲ್ಲ ರೋಗಿಗಳ ಊರಲ್ಲೂ ಶರಾವತಿ ಇಲ್ಲ, ಆದ್ದರಿಂದ ಒಪ್ಪಲಾಗದು. ಇದ್ದವರು ಮಾತ್ರ ಕೇಳುತ್ತಾರೆ, ಗಾಳಿಯಿರುವ ದಿನವೋ, ಇಲ್ಲದ ದಿನವೋ? ಗಾಳಿಯಿರುವ ದಿನ ಅದು ಇನ್ನೂ ಉದ್ದ.'

ಆ ಸೇತುವೆಯನ್ನು ಎದುರುಗಾಳಿಯಲ್ಲಿ ನಡೆದು ದಾಟಿದವರಿಗೆ ಮಾತ್ರ ಆ ಮಾತು ಬರುತ್ತದೆ. ನಾನು ಸೇತುವೆ ತೆಗೆದು 'ಸುಮಾರು ಒಂದು ಕಿಲೋಮೀಟರ್' ಅಂತ ಮಾಡಿದೆ. 'ಒಪ್ಪಿದೆ' ಅಂತ ಬಂತು. ಅಂದಿನಿಂದ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ, ಮೀನು ಪೇಟೆಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡವರನ್ನೆಲ್ಲ ನೋಡುವ ಚಟ ಹತ್ತಿತು. ಇವರಿರಬಹುದೇ? ನನಗೆ ಅವರನ್ನು ಒಮ್ಮೆ ನೋಡಬೇಕಿತ್ತು. ಬೇರೆ ಎಂತದೂ ಬೇಡವಾಗಿತ್ತು.

ಜಗಳ ಆದದ್ದು ಒಂದೇ ಸಲ. ಔಷಧಿ ಪರೀಕ್ಷೆಗೆ ಸೇರಿಕೊಂಡ ರೋಗಿ ನಡುವೆ ಬರುವುದನ್ನು ನಿಲ್ಲಿಸಿ, ಫೋನಿಗೂ ಸಿಗದೆ ಹೋದರೆ ಅವರಿಗೊಂದು ಹೆಸರಿದೆ, ಲಾಸ್ಟ್ ಟು ಫಾಲೋಅಪ್; ಚುಟುಕಾಗಿ ಎಲ್‌ಟಿಎಫ್‌ಯು. ನಾನು ಅದನ್ನು 'ಸಂಪರ್ಕ ಕಡಿದುಕೊಂಡವರು' ಅಂತ ಮಾಡಿದ್ದೆ. ಕಂಪನಿ ಅದನ್ನು ಒಪ್ಪಿ ಪದಪಟ್ಟಿಗೆ ಸೇರಿಸಿತ್ತು. ಬಿಟಿ-ಟು ತಕರಾರು ತೆಗೆದರು. 'ಹೀಗಂದರೆ ತಪ್ಪೆಲ್ಲ ರೋಗಿಯದೇ ಆಗುತ್ತದೆ. ನಿಯಮದ ಪ್ರಕಾರ ಮೊದಲು ಫೋನ್ ಮಾಡಬೇಕು, ರಿಜಿಸ್ಟರ್ ಕಾಗದ ಹಾಕಬೇಕು, ಮನೆಗೇ ಹೋಗಿ ನೋಡಬೇಕು. ಹುಡುಕಿದ್ದೇವೆ ಅನ್ನುವುದು ಮಾತಿನಲ್ಲಿ ಬರಬೇಕು. ಹುಡುಕಿದರೂ ಸಿಗದವರು.' ನಾನು ಪದಪಟ್ಟಿ ತೋರಿಸಿ ಆಗುವುದಿಲ್ಲ ಅಂದೆ. 'ತಿಳಿಯಿತು. ಒಪ್ಪಿಲ್ಲ' ಅಂತ ಬರೆದರು. ಅದಾಗಿ ಆ ಮಾತು ಯಾವ ಕಾಗದದಲ್ಲಿ ಬಂದರೂ, ಪಕ್ಕದಲ್ಲಿ ತಪ್ಪದೆ 'ಒಪ್ಪಿಲ್ಲ' ಇರುತ್ತಿತ್ತು.

ಒಂದು ಮಳೆಗಾಲ ಶುರುವಾಗುವ ಹೊತ್ತಿಗೆ ಬಿಟಿ-ಟು ಬರುವುದು ನಿಂತಿತು. ಅವರ ಜಾಗಕ್ಕೆ ಬಿಟಿ-ಫೈವ್ ಬಂದರು. ಅವರು ತಪ್ಪು ಮಾಡುತ್ತಿರಲಿಲ್ಲ, ತಪ್ಪು ಹುಡುಕುತ್ತಲೂ ಇರಲಿಲ್ಲ. ಟಿಪ್ಪಣಿಯ ಅಂಕಣ ಮೇಲಿಂದ ಕೆಳಗಿನವರೆಗೆ ಖಾಲಿ. ನಾನು ಬೇಕೆಂದೇ ಒಂದು ಅಸಡ್ಡಾಳ ವಾಕ್ಯ ಬಿಟ್ಟು ನೋಡಿದೆ. ಬಿಟಿ-ಫೈವ್ ಅದನ್ನೂ ಶಿಸ್ತಾಗಿ ಇಂಗ್ಲಿಷಿಗೆ ತಿರುಗಿಸಿ ಕಳಿಸಿದರು. ಆ ದಿನ ಊಟ ಸೇರಲಿಲ್ಲ.

ಪುಣೆಯ ಕಚೇರಿಯಲ್ಲಿ ನಮ್ಮೆಲ್ಲರ ಕೆಲಸ ಹಂಚುವವನು ಮಧುಸೂದನ. ಮೂಲ ಕುಮಟಾದವನು, ಕಾಲೇಜಿನಲ್ಲಿ ನನಗಿಂತ ಚಿಕ್ಕವನು, ನನಗೆ ಈ ಕೆಲಸ ಹಿಡಿಸಿಕೊಟ್ಟವನೂ ಅವನೇ. ಬಿಟಿ-ಟು ಯಾರು ಅಂತ ಗೊತ್ತಿರುವ ಏಕೈಕ ಮನುಷ್ಯ. ಚೌತಿಗೆ ಊರಿಗೆ ಬಂದಿದ್ದಾನೆ ಅಂತ ತಿಳಿದು ಕುಮಟಾ ಬಸ್ಸು ಹತ್ತಿದೆ. ಅವನ ಅಮ್ಮ ಪಂಚಕಜ್ಜಾಯ ಕೊಟ್ಟು ಒಳಗೆ ಹೋದ ಕೂಡಲೇ ಕೇಳಿದೆ.

"ಬಿಟಿ-ಟು ಎಂತ ಆದ್ರು?"

"ಸಂಪದಕ್ಕ, ನೀವು ಗಣಪತಿ ನೋಡ್ಲಿಕ್ಕೆ ಬಂದದ್ದಾ, ವಿಚಾರಣೆ ಮಾಡ್ಲಿಕ್ಕೆ ಬಂದದ್ದಾ?"

"ಎರಡಕ್ಕೂ. ಹೇಳು."

"ಹೇಳೂ ಹಾಂಗಿಲ್ಲ. ನಿಮಗೂ ಗೊತ್ತುಂಟು. ನಾಳೆ ಅವ್ರು ಬಂದು ನಿಮ್ಮ ಹೆಸರು ಕೇಳಿದ್ರೆ ನಾ ಹೇಳ್ಬೇಕಾ?"

"ಕೇಳಿದ್ರಾ?"

ಅವನು ತಟ್ಟೆ ಕೆಳಗಿಟ್ಟ. ಅವನು ಸುಳ್ಳು ಹೇಳಲಾರ, ಹುಟ್ಟಿದ್ದೇ ಹಾಗೆ. "ಒಂದ್ಸಲ ಕೇಳಿದ್ರು. ಹೇಳ್ಲಿಲ್ಲ. ಈಗ ಅವ್ರು ಕೆಲಸ ಬಿಟ್ಟಿದಾರೆ, ಆರೋಗ್ಯ ಸರಿ ಇಲ್ಲ. ಇಷ್ಟು ಹೇಳಿದ್ದೇ ಹೆಚ್ಚಾಯ್ತು. ಆತಾ?"

ಆತು ಅಂದೆ. ಬರುವಾಗ ಬಸ್ಸಿನಲ್ಲಿ, ಅವರೂ ನನ್ನ ಹೆಸರು ಕೇಳಿದ್ದರು ಎಂಬ ಒಂದೇ ಮಾತನ್ನು ಬಾಯಲ್ಲಿಟ್ಟುಕೊಂಡ ಬೆಲ್ಲದ ಚೂರಿನ ಹಾಗೆ ಕರಗದಂತೆ ನೋಡಿಕೊಂಡೆ. ಆರೋಗ್ಯ ಸರಿ ಇಲ್ಲ ಅನ್ನುವ ಮಾತು ಮನೆ ಮುಟ್ಟಿದ ಮೇಲೆ ನೆನಪಾಯಿತು.

ಅದಾಗಿ ಕೆಲವು ತಿಂಗಳಿಗೆ, ಮಂಗಳೂರಿನ ಒಂದು ಆಸ್ಪತ್ರೆಯಿಂದ ಕಚೇರಿಯ ಮೂಲಕ ಒಂದು ಪ್ರಶ್ನೆ ಬಂತು. ಕೈ ನಡುಗುವ ಕಾಯಿಲೆಗೆ ಹೊಸ ಮಾತ್ರೆಯ ಪರೀಕ್ಷೆ ಅಲ್ಲಿ ನಡೆಯುತ್ತಿತ್ತು. ಅದರ ಕಾಗದಗಳ ಕನ್ನಡ ನನ್ನದು. ರೋಗಿಗಳಿಗೆ ಮಾತು ತಿಳಿಯದಿದ್ದರೆ ಬರೆದು ಕೇಳಬಹುದು, ಆದರೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಹೆಸರಿರಲಿಲ್ಲ, ರೋಗಿಗಳಿಗೂ ಅಲ್ಲಿ ನಂಬರೇ. ಹದಿನಾಲ್ಕನೆಯವರ ಪ್ರಶ್ನೆ ಹೀಗಿತ್ತು: 'ಒಂದು ಕಿಲೋಮೀಟರ್ ನಡೆಯಬಲ್ಲಿರಾ ಎಂದು ಕೇಳಿದ್ದೀರಿ. ಗಾಳಿಯಿರುವ ದಿನವೋ, ಇಲ್ಲದ ದಿನವೋ?'

ನಾನು ಕುರ್ಚಿಯಿಂದ ಎದ್ದು ನಿಂತೆ, ಮತ್ತೆ ಕೂತೆ. ಅವರಿಗೆ ಕಾಯಿಲೆ. ಕೈ ನಡುಗುವ ಕಾಯಿಲೆ. ಆ ಕಾಗದದ ಪ್ರತಿ ಸಾಲೂ ನನ್ನದೇ ಆದ್ದರಿಂದ ಅವರಿಗೆ ಮುಂದೆ ಏನೇನು ಆಗಬಹುದು ಅಂತ ನನಗೆ ಬಾಯಿಪಾಠವಾಗಿತ್ತು: ಅಕ್ಷರ ಸಣ್ಣದಾಗಬಹುದು, ದನಿ ತಗ್ಗಬಹುದು, ನುಂಗಲು ಕಷ್ಟವಾಗಬಹುದು. ಎಷ್ಟು ಆರಾಮಾಗಿ ಬರೆದಿದ್ದೆ ಅದನ್ನೆಲ್ಲ! ನಡುಗುವ ಕೈಯಲ್ಲಿ ಅದನ್ನು ಹಿಡಿದು ಓದುತ್ತ, ಇದು ಯಾರ ಕನ್ನಡ ಅಂತ ಅವರು ಗುರುತು ಹಿಡಿದಿದ್ದರು. ಕೂಗಿ ಕರೆದಿದ್ದರು.

ನಾನು ಉತ್ತರ ಬರೆದೆ: 'ಗಾಳಿಯಿರುವ ದಿನ. ಸೇತುವೆಯ ಮೇಲೆ.' ಉತ್ತರ ಮಧುಸೂದನನ ಕೈ ದಾಟಿ ಹೋಗಬೇಕು. ಅವನು ಅದನ್ನು ಹೊಡೆದುಹಾಕಿ 'ಸಾಮಾನ್ಯ ದಿನ' ಅಂತ ಮಾಡಿ ಕಳಿಸಿಬಿಟ್ಟಿದ್ದ. ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. "ಅಕ್ಕ, ಅದು ಪೇಶಂಟಿಗೆ ಹೋಗೂ ಕಾಗದ. ಅಲ್ಲಿ ಸೇತುವೆ ಎಲ್ಲಿಂದ ಬಂತು?" ಅಂದ. ಅವನ ಕಡೆಯಿಂದ ನೋಡಿದರೆ ಅವನು ಸರಿಯೇ ಇದ್ದ. ಅದೇ ಇನ್ನೂ ಉರಿ ತಂದಿತು.

ಮೊದಲು ಅವರಿಗೂ ನನಗೂ ನಡುವೆ ಒಂದು ಬೀಗ ಇತ್ತು. ಈಗ ರೋಗಿಯ ಗುಟ್ಟು ಕಾಯುವ ಇನ್ನೊಂದು ಬೀಗ ಬಿತ್ತು. ಬಿಟ್ಟುಬಿಡಬೇಕಿತ್ತು. ತಿಂಗಳುಗಟ್ಟಲೆ ಬಿಟ್ಟೂ ಇದ್ದೆ. ಆದರೆ ಕನ್ನಡದ ರೋಗಿಗಳನ್ನು ಬುಧವಾರ ಬೆಳಿಗ್ಗೆ ಕರೆಯುತ್ತಾರೆ ಅಂತ ನಾನೇ ಬರೆದದ್ದು. 'ಖಾಲಿ ಹೊಟ್ಟೆಯಲ್ಲಿ ಬನ್ನಿ, ನೀರು ಬಿಟ್ಟು ಬೇರೇನೂ ಬೇಡ. ಮಾತ್ರೆಯ ಖಾಲಿ ಹಾಳೆಗಳನ್ನು ಎಸೆಯದೆ, ಕೊಟ್ಟ ಬಿಳಿ ಚೀಲದಲ್ಲಿ ವಾಪಸು ತನ್ನಿ' ಅಂತ ಬರೆದದ್ದೂ ನಾನೇ. ಮುಂಬೈಯ ಔಷಧಿ ಕಂಪನಿಯಲ್ಲಿ ಕೂತು ನಿಯಮ ಮಾಡುವವರಿಗೆ, ಕರಾವಳಿಯ ಮನುಷ್ಯ ಖಾಲಿ ಹೊಟ್ಟೆಯಲ್ಲಿ ರೈಲಿನಲ್ಲಿ ಮಂಗಳೂರು ಮುಟ್ಟುವುದು ಎಷ್ಟು ಹೊತ್ತಿಗೆ ಅಂತ ಎಲ್ಲಿ ಗೊತ್ತು! ಕೊನೆಗೊಂದು ಬುಧವಾರ ತಡೆಯಲಾರದೆ ಹೊನ್ನಾವರದಲ್ಲಿ ಬೆಳಗಿನ ಗಾಡಿ ಹತ್ತಿದೆ. ಬಿಳಿ ಚೀಲ ಹಿಡಿದು, ಚಹಾ ಬೇಡ ಅನ್ನುವವರನ್ನು ಹುಡುಕುವುದು. ನೋಡಿ ಬರುವುದು, ಮಾತಾಡುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಬೋಗಿಯಿಂದ ಬೋಗಿಗೆ ನಡೆದು ನೋಡುತ್ತ ಹೋದೆ. ಮುರ್ಡೇಶ್ವರದವರೆಗೆ ಯಾರೂ ಸಿಗದೆ ಒಂದು ಖಾಲಿ ಸೀಟಿನಲ್ಲಿ ಕೂತೆ. ಭಟ್ಕಳದಲ್ಲಿ ಗಂಡಹೆಂಡತಿ ಇಬ್ಬರು ಹತ್ತಿ ನನ್ನೆದುರೇ ಕೂತರು. ಗಂಡನ ಬಲಗೈ ಮಡಿಲಲ್ಲಿ ಒಂದೇ ಸಮನೆ ನಡುಗುತ್ತಿತ್ತು. ಎಡಗೈಯಲ್ಲಿ ಬಿಳಿ ಚೀಲ. ಚಹಾದವನು ಬಂದ. ಅವರು ತಲೆಯಾಡಿಸಿ ಬೇಡ ಅಂದರು.

ನನ್ನ ಗಟ್ಟಿತನವೆಲ್ಲ ಅಲ್ಲಿಗೆ ಮುಗಿಯಿತು. ಮುಂದೆ ಬಾಗಿ, "ಬಿಟಿ-ಟು?" ಅಂದೆ.

ಅವರು ನನ್ನ ಮುಖ ನೋಡಿದರು. "ಅಲ್ಲ ಅಮ್ಮಾ. ನಂದು ನಂಬರ್ ಹನ್ನೊಂದು."

ಹೆಂಡತಿ ಗಾಬರಿಯಾದಳು. "ಎಂತ ಅಮ್ಮಾ? ಆಸ್ಪತ್ರೆಯವ್ರಾ ನೀವು? ಮಾತ್ರೆ ಒಂದೂ ತಪ್ಸಲಿಲ್ಲ ಇವ್ರು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಸ್ಪತ್ರೆಯವಳಲ್ಲ, ಅಲ್ಲಿ ಕೊಡುವ ಕಾಗದವನ್ನು ಕನ್ನಡದಲ್ಲಿ ಬರೆದವಳು ಅಂತ ತೊದಲಿದೆ. ಅವರು ಭಟ್ಕಳ ಹತ್ತಿರದ ಬೆಳಕೆಯವರು, ಗದ್ದೆ ಮಾಡುವವರು, ಹೆಸರು ಸೋಮ. ಹೆಂಡತಿ ಲಕ್ಕಿ. ಕಾಗದದ ಮಾತು ಕೇಳಿದ್ದೇ ಲಕ್ಕಿಯ ಮುಖ ಅರಳಿತು.

"ಹೊನ್ನಾವರ ಬದಿಯವ್ರಾ ನೀವು?"

"ನಿಮಗೆ ಯಾರು ಹೇಳಿದ್ದು?"

"ನಮ್ಗೆಲ್ಲ ಅದ್ನ ಓದಿ ಹೇಳ್ತಿದ್ದವ್ರು. ಹದಿನಾಲ್ಕು ನಂಬ್ರದವ್ರು. ಆಸ್ಪತ್ರೆ ಬೆಂಚಿನ ಮೇಲೆ ಎಲ್ರನ್ನೂ ಕೂರ್ಸ್ಕಂಡು ಓದೂದು. ಓದಿ, ಅರ್ಥ ಆತಾ ಕೇಳೂದು. ಆಗದೇ ಸೈ ಹಾಕೂಕೆ ಬಿಡೂದಿಲ್ಲ. ಇದ್ನ ಬರದವ್ರು ಹೊನ್ನಾವರದವ್ರು, ಸಿಟ್ಟಿನವ್ರು, ಆದ್ರೆ ಸುಳ್ಳು ಬರಿಯೂದಿಲ್ಲ, ಹೆದರ್ಬೇಡಿ ಅಂತಿದ್ರು."

"ಅವರು... ಗಂಡಸರಾ?" ಅಂದೆ. ಇಷ್ಟು ವರ್ಷದ ಮೇಲೆ ಮೊದಲು ಬಾಯಿಗೆ ಬಂದದ್ದು ಆ ಪ್ರಶ್ನೆ.

"ಹೌದು. ತೆಳ್ಳಗೆ, ಉದ್ದಕೆ. ಮಾಸ್ತರ್ರ ಹಾಂಗೆ. ನಾವು ಹತ್ತೂವಾಗ ಈ ಗಾಡೀಲಿ ಕಿಟಕಿ ಬದಿ ಕೂತಿರ್ತಿದ್ರು."

ಸೋಮ ಅವರಿಗೆ ನೆನಪಾಗಿ ನಗೆ ಬಂತು. "ಒಂದ್ಸಲ ಅವ್ರೇ ಎಂತದೋ ಕೇಳಿ ಬರ್ದಿದ್ರು. ಉತ್ತರ ಬಂತು. ಸಾಮಾನ್ಯ ದಿನ ಅಂತ. ಓದಿ ನಕ್ಕಿದ್ದೇ ನಕ್ಕಿದ್ದು. ಇದು ಆ ಹೊನ್ನಾವರದವ್ರ ಮಾತಲ್ಲ, ನಡುವೆ ಯಾರೋ ಕೈ ಹಾಕಿದಾರೆ, ಅವ್ರು ಬೇರೆ ಎಂತದೋ ಬರ್ದಿರ್ತಾರೆ ಅಂದ್ರು."

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಕಣ್ಣೀರು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಲಕ್ಕಿ ನನ್ನ ಮೊಣಕಾಲ ಮೇಲೆ ಕೈ ಇಟ್ಟಳು.

"ಇವತ್ತು ಬರ್ತಾರಾ?" ಅಂತ ಕಣ್ಣೊರೆಸಿಕೊಂಡು ಕೇಳಿದೆ.

"ಈಗ ಬರೂದಿಲ್ಲ ಅಮ್ಮಾ," ಅಂದಳು ಲಕ್ಕಿ. "ದನಿ ಹೋಗ್ತಾ ಬಂದಿತ್ತು, ಓದೂಕೆ ಆಗ್ತಿರ್ಲಿಲ್ಲ. ಆಮೇಲೆ ಕಂಡೇ ಇಲ್ಲ. ಆಸ್ಪತ್ರೆ ಹುಡುಗಿ ಫೋನ್ ಮಾಡಿ ಮಾಡಿ ಸಾಕಾದ್ಳು. ಹೆಸ್ರು ಎಂತದು ಅಂತ ನಾವೂ ಕೇಳ್ಲಿಲ್ಲ. ಹದಿನಾಲ್ಕು, ಹದಿನಾಲ್ಕು ಅಂತ್ಲೇ ಅಭ್ಯಾಸ ಆಗ್ಹೋತು."

ಕುಂದಾಪುರದಲ್ಲಿ ಇಳಿದು ವಾಪಸು ಬರುವ ಬಸ್ಸು ಹತ್ತಿದೆ.

ಮುಂದಿನ ತಿಂಗಳು ಆ ಒಪ್ಪಿಗೆ ಪತ್ರದ ಹೊಸ ಆವೃತ್ತಿ ಬಂತು. ಔಷಧಿಯ ಅಳತೆಯಲ್ಲಿ ಏನೋ ಬದಲಾವಣೆ. ಪತ್ರ ಬದಲಾದರೆ ಪ್ರತಿ ರೋಗಿಗೂ ಮತ್ತೆ ಓದಿ ಹೇಳಿ ಮತ್ತೆ ಸಹಿ ತೆಗೆದುಕೊಳ್ಳಬೇಕು. ಕೊನೆಯ ಪುಟಗಳಲ್ಲೊಂದರಲ್ಲಿ ಅದೇ ಮಾತು ಇತ್ತು, ಎಲ್‌ಟಿಎಫ್‌ಯು. 'ಸಂಪರ್ಕ ಕಡಿದುಕೊಂಡವರು' ಅಂತ ಬರೆಯಲು ಬೆರಳು ಏಳಲಿಲ್ಲ. ಎಂತದ್ದು ಕಡಿದುಕೊಂಡದ್ದು ಅವರು? ಅವರಲ್ಲವೇ ಕರೆದದ್ದು? ಪದಪಟ್ಟಿಯನ್ನು ಪಕ್ಕಕ್ಕೆ ಸರಿಸಿ, ಅವರು ಹೇಳಿದ್ದನ್ನೇ ಇಟ್ಟೆ: 'ಹುಡುಕಿದರೂ ಸಿಗದವರು'. ಬಿಟಿ-ಫೈವ್ ಅದನ್ನು ಯಥಾವತ್ತಾಗಿ ಇಂಗ್ಲಿಷಿಗೆ ತಿರುಗಿಸಿ ಕಳಿಸಿದರು.

ಸಂಜೆ ಮಧುಸೂದನನ ಫೋನ್ ಬಂತು. "ಸಂಪದಕ್ಕ, ಪದಪಟ್ಟಿಯ ಮಾತು ಬಿಟ್ಟಿದೀರಿ. ಕಂಪನಿಯವ್ರು ಕಾರಣ ಕೇಳ್ತಾರೆ."

"ಹಳೇದು ತಪ್ಪಿತ್ತು ಅಂತ ಬರಿ."

"ಯಾರು ಹೇಳಿದ್ದು ತಪ್ಪು ಅಂತ?"

"ಬಿಟಿ-ಟು."

ಇನ್ನು ನಿಯಮದ ಪಾಠ ಶುರು ಮಾಡುತ್ತಾನೆ ಅಂತ ನಾನೂ ಜಗಳಕ್ಕೆ ತಯಾರಾದೆ. ಅವನು ಹೇಳಿದ್ದೇ ಬೇರೆ.

"ಇರ್ಲಿ ಅಕ್ಕ, ಹಾಂಗೇ ಇರ್ಲಿ. ನಾನೂ ಹುಡುಕ್ದೆ. ಫೋನ್ ಎತ್ಲಿಲ್ಲ. ಹೋದ ತಿಂಗಳು ಊರಿಗೆ ಬಂದಾಗ ಯಾರಿಗೂ ಹೇಳದೇ ಅವ್ರ ಮನೆಗೇ ಹೋಗಿದ್ದೆ. ಬೀಗ ಹಾಕಿತ್ತು. ಪಕ್ಕದವ್ರಿಗೂ ಗೊತ್ತಿಲ್ಲ. ಸಿಕ್ಕಲಿಲ್ಲ."

"ಎಲ್ಲಿ ಮನೆ?"

ಹೇಳುವುದಿಲ್ಲ ಅಂದುಕೊಂಡೆ. ಹೇಳಿದ.

"ಕಾಸರಕೋಡು. ಸೇತುವೆ ಇಳಿದ ಕೂಡ್ಲೇ."

ನನ್ನ ಮೇಜಿನ ಎದುರಿಗೇ ಕಿಟಕಿ. ಕಿಟಕಿಯಾಚೆ ಶರಾವತಿ ಹೊಳೆ. ಹೊಳೆಯ ಆ ದಡದಲ್ಲಿ ಕಾಣುವ ತೆಂಗಿನ ಸಾಲೇ ಕಾಸರಕೋಡು. ಇಷ್ಟು ವರ್ಷ ವಾಕ್ಯ ಹೊಳೆಯದಿದ್ದಾಗಲೆಲ್ಲ ನಾನು ಕಣ್ಣೆತ್ತಿ ನೋಡುತ್ತಿದ್ದದ್ದು ಅದೇ ದಡವನ್ನು. ನಾನು ಇಲ್ಲಿಂದ ಕಳಿಸಿದ ಕಾಗದ ಪುಣೆಗೆ ಹೋಗಿ, ಪುಣೆಯಿಂದ ಹೊಳೆಯಾಚೆ ಇಳಿದು, ಮತ್ತೆ ಪುಣೆ ಸುತ್ತಿ ನನ್ನ ಕೈಗೆ ಬರುತ್ತಿತ್ತು.

ಫೋನ್ ಇಟ್ಟು ಕಡತ ತೆರೆದೆ. ಆ ಸಾಲಿನ ಪಕ್ಕದ ಖಾಲಿ ಅಂಕಣದಲ್ಲಿ, ಅದು ನಾನು ಬರೆಯುವ ಜಾಗ ಅಲ್ಲದಿದ್ದರೂ, 'ಒಪ್ಪಿದೆ' ಅಂತ ಬರೆದು ಕಳಿಸಿದೆ. ಕೆಳಗಿಳಿದು ಚಪ್ಪಲಿ ಮೆಟ್ಟುವಾಗ ಅತ್ತಿಗೆ ಬಾಗಿಲಿಗೆ ಬಂದಳು.

"ಈಗ ಎಲ್ಲಿಗೇ ಹೊರಟದ್ದು?"

"ಕಾಸರಕೋಡಿಗೆ. ಸೇತುವೆ ದಾಟಿ ಹೋಗಿ ಬತ್ತೆ."

"ಈ ಗಾಳಿಲಿ? ನಡಕಂಡಾ?"

"ಹೌದು ಅತ್ತಿಗೆ," ಅಂದೆ. "ನಡಕಂಡೇ."